ನೆಟ್ ಬಿಡಕ್ಕಾ

ಹೆಸರು ಕೇಳಬೇಡಿ. ಒಂದು ಹೆಸರು ಬೇಕೇ ಬೇಕು ಎಂದು ಹಟ ಹಿಡಿದವರ ಕೈಗೆ ಸಿಕ್ಕಿ ನನ್ನ ತಮ್ಮನ ಬಲಗೈ ಹಾಳಾಯಿತು, ಗಾಡಿ ಪುಡಿಯಾಯಿತು, ನನ್ನದೊಂದು ಹಲ್ಲು ಹೋಯಿತು. ಹಾಗಾಗಿ ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ, ನನ್ನದನ್ನೂ ಬರೆಯುವುದಿಲ್ಲ. ಊರನ್ನು ಮುಚ್ಚಿಡುವ ಅಗತ್ಯವಿಲ್ಲ. ಬಂಗಾರಪೇಟೆ. ರೈಲ್ವೆ ಸ್ಟೇಷನ್ನಿಂದ ಹೊರಗೆ ಬಂದರೆ ಒಂದು ಬೇವಿನ ಮರ, ಅದರ ಕೆಳಗೆ ನಮ್ಮ ಪಾನಿಪೂರಿ ಗಾಡಿ.

ನಮ್ಮೂರ ಪಾನಿಗೆ ಬಣ್ಣವಿಲ್ಲ. ಹೊರಗಿನವರು ಲೋಟ ನೋಡಿ, ‘ಇದೇನಮ್ಮ, ಬರೀ ನೀರು ಕೊಟ್ಟಿದ್ದೀಯ’ ಎಂದು ಮುಖ ಸಿಂಡರಿಸುತ್ತಾರೆ. ಒಂದು ಗುಟುಕು ಒಳಗೆ ಹೋದ ಮೇಲೆ ಕಣ್ಣು ಮೂಗು ಎಲ್ಲ ಸುರಿಸಿಕೊಂಡು ಇನ್ನೊಂದು ಲೋಟಕ್ಕೆ ಕೈ ಚಾಚುತ್ತಾರೆ. ಪೂರಿಯನ್ನು ಹೆಬ್ಬೆರಳಲ್ಲಿ ಒತ್ತಿ ಒಡೆಯುವುದು ತಮ್ಮನ ಕೆಲಸ. ಬಟಾಣಿ ಮಸಾಲೆ ಬೇಯಿಸುವುದು, ಪಾನಿ ಕಲೆಸುವುದು, ಕುಡಿದು ಬಂದವರನ್ನು ಬೈದು ಓಡಿಸುವುದು ನನ್ನ ಕೆಲಸ. ಗಂಡ ಸತ್ತ ಮೇಲೆ ನಾನು ಕೆಜಿಎಫ್‌ನ ನಂದಿದುರ್ಗ ಗಣಿಯ ಲೈನಿಗೆ, ಕೂಲಿಯವರ ಆ ಸಾಲುಮನೆಗಳಲ್ಲಿ ಅಪ್ಪ ಗಣಿಯಲ್ಲಿ ಕೆಲಸ ಮಾಡುತ್ತಿದ್ದಾಗ ಸಿಕ್ಕ ಮನೆಗೆ, ವಾಪಸ್ಸು ಬಂದಿದ್ದೆ. ತಮ್ಮನಿಗೆ ಮದುವೆಯಾಗಿರಲಿಲ್ಲ. ಇಬ್ಬರೂ ಬೆಳಿಗ್ಗೆ ರೈಲು ಹತ್ತಿ ಬಂಗಾರಪೇಟೆಗೆ ಬಂದರೆ ಕತ್ತಲಾಗುವ ಹೊತ್ತಿಗೆ ಮಾರಿಕುಪ್ಪಂ ರೈಲಿನಲ್ಲಿ ಮನೆಗೆ.

ಗಾಡಿಗೆಂದು ಒಂದು ಫೋನಿತ್ತು, ತಮ್ಮನ ಹೆಸರಿನದು. ಗಿರಾಕಿಗಳು ಫೋನಿನಲ್ಲೇ ದುಡ್ಡು ಹಾಕುವ ಕಾಲ ಬಂತಲ್ಲ, ಅದಕ್ಕಾಗಿ ಇಟ್ಟದ್ದು. ಸ್ಟೇಷನ್ ಹತ್ತಿರ ಸಂಜೆಯ ಹೊತ್ತು ಎಲ್ಲರ ನೆಟ್ಟೂ ಕುಂಟುತ್ತದೆ, ಕೆಲವರದ್ದು ಖಾಲಿಯೂ ಆಗಿರುತ್ತದೆ. ದುಡ್ಡು ಹಾಕಲು ಒಬ್ಬನಿಗೆ ನಮ್ಮ ಫೋನಿನ ಹಾಟ್‌ಸ್ಪಾಟ್ ಹಾಕಿ ನೆಟ್ ಬಿಟ್ಟೆವು. ಆಮೇಲೆ ಅದೇ ಪದ್ಧತಿಯಾಯಿತು. ಕನ್ನಡದವರು ‘ನೆಟ್ ಬಿಡಕ್ಕಾ’ ಎನ್ನುವರು, ತಮಿಳಿನವರು ‘ನೆಟ್ ಪೋಡುಕ್ಕಾ’, ತೆಲುಗಿನವರು ‘ನೆಟ್ ವೆಯ್ಯಕ್ಕಾ’. ರೈಲು ಬರುವ ತನಕ ಬೇವಿನ ಮರದ ಸುತ್ತ ಜನ ಪ್ಲೇಟು ಹಿಡಿದು ಫೋನು ಒತ್ತುತ್ತಾ ನಿಲ್ಲುತ್ತಿದ್ದರು. ಪಾಸ್‌ವರ್ಡ್ ಹಾಕಿಡು ಎಂದು ಒಬ್ಬ ಬುದ್ಧಿವಂತ ಹೇಳಿದ. ನಾವು ಲೈನಿನಲ್ಲಿ ಹುಟ್ಟಿದವರು. ಅಲ್ಲಿ ಇಡೀ ಸಾಲಿಗೆ ಒಂದೇ ನಲ್ಲಿ, ಒಂದು ಮನೆಯ ಟೀವಿ ಎಂದರೆ ಎಲ್ಲ ಮನೆಯ ಟೀವಿ, ಬೇತಮಂಗಲದ ಕೆರೆಯ ನೀರು ಬಾರದಿದ್ದ ದಿನ ಇದ್ದವರ ಕೊಡದಿಂದ ಇಲ್ಲದವರು ಬಗ್ಗಿಸಿಕೊಳ್ಳುವುದೇ ಬದುಕು. ನೆಟ್ಟಿಗೆ ಬೀಗ ಹಾಕುವುದು ನಮ್ಮ ಕೈಯಲ್ಲಿ ಆಗಲಿಲ್ಲ.

ಗಿರಾಕಿಗಳ ಹೆಸರು ನಾನು ಕೇಳಿದವಳಲ್ಲ. ಪ್ಲೇಟಿನಿಂದಲೇ ಗುರುತು. ಈರುಳ್ಳಿ ಬೇಡದ ಮೇಷ್ಟ್ರು. ಎರಡು ಸಲ ಪಾನಿ ಕೇಳುವ ನರ್ಸಮ್ಮ. ಮತ್ತೆ ಖಾರ ಕಮ್ಮಿಯವನು. ಈತ ಮೂವತ್ತರ ಆಸುಪಾಸಿನ, ಮೆತ್ತಗೆ ಮಾತಾಡುವ ಆಳು. ಕಂದು ಬಣ್ಣದ ಶೂ ಹಾಕಿಕೊಂಡು ಬರುತ್ತಿದ್ದ. ಕಾರ್ಖಾನೆಯ ಸೆಕ್ಯುರಿಟಿಯವನಿರಬೇಕು ಎಂದುಕೊಂಡಿದ್ದೆ. ಬಂಗಾರಪೇಟೆಯಲ್ಲಿ ನಿಂತು, ಖಾರ ಕಮ್ಮಿ ಹಾಕಕ್ಕ ಎನ್ನುವವನನ್ನು ನಾನು ಸುಮ್ಮನೆ ಬಿಡುತ್ತೇನೆಯೇ? ‘ಯಾಕಪ್ಪ, ಬೋರ್ನ್‌ವಿಟಾ ಬೇಕಾ?’ ಎಂದು ಕಾಲೆಳೆಯುತ್ತಿದ್ದೆ. ಆತ ನಕ್ಕು ಸುಮ್ಮನಾಗುತ್ತಿದ್ದ.

ಆ ದಿನಗಳಲ್ಲಿ ಎಲ್ಲರ ಫೋನಿನಲ್ಲೂ ಒಂದು ಪುಟದ್ದೇ ಮಾತು. ಅದರ ಹೆಸರು ‘ದಿಬ್ಬದ ದೂಳು’. ಚಿನ್ನ ತೆಗೆದ ಮೇಲೆ ಉಳಿದ ಸಯನೈಡ್ ಮಣ್ಣನ್ನು ಗಣಿಯವರು ಗುಡ್ಡದ ಹಾಗೆ ಸುರಿದು ಹೋಗಿದ್ದಾರಲ್ಲ, ಬೇಸಗೆ ಗಾಳಿಗೆ ಆ ದೂಳು ಹಾರಿ ಅನ್ನದ ತಟ್ಟೆಗೆ ಬೀಳುತ್ತದೆ. ಪುಟದ ಮಾತೂ ಹಾಗೇ, ದೊಡ್ಡವರ ತಟ್ಟೆಗೆ ಬೀಳುತ್ತಿತ್ತು. ಟ್ಯಾಂಕರ್ ನೀರು ಯಾರ ಮನೆಗೆ ಹೋಯಿತು, ಬೇಲಿ ಹಾಕಿದ ಗಣಿಯೊಳಗಿನ ಕಬ್ಬಿಣ ಯಾರ ಲಾರಿಯಲ್ಲಿ ಹೋಯಿತು, ಪೊಲೀಸರು ಯಾರಿಗೆ ಸಲಾಮು ಹೊಡೆದರು, ಎಲ್ಲ ಅದರಲ್ಲಿ ಬರುತ್ತಿತ್ತು. ಬರೆಯುವವರು ಯಾರೆಂದು ಯಾರಿಗೂ ಗೊತ್ತಿಲ್ಲ. ನಾವು ಓದಿ ಬಿದ್ದು ಬಿದ್ದು ನಗುತ್ತಿದ್ದೆವು. ಸರ್ಕಾರಕ್ಕೆ ನಗು ಬರಲಿಲ್ಲ. ಇಂಥ ಪುಟಗಳನ್ನು ನೋಡಿ ಹಂಚಿದವರನ್ನೂ ಒಳಗೆ ಹಾಕುತ್ತೇವೆ ಎಂದು ಮೈಕು ಕಟ್ಟಿಕೊಂಡು ಸಾರಿಸಿತು.

ಹೀಗಿರುವಾಗ ಕೆಜಿಎಫ್‌ನದೇ ಕೋರಮಂಡಲ್ ಕಡೆಯ ಒಬ್ಬ ಸತ್ತ. ಮುಚ್ಚಿದ ಗಣಿಯ ಬೇಲಿ ನುಸುಳಿ ಹಳೇ ಕಬ್ಬಿಣ ಆಯ್ದು ತಂದು ಮಾರುತ್ತಿದ್ದವನು. ಕದಿಯಲು ಹೋಗಿ ಹಳೇ ಗಣಿಯ ಬಾವಿಗೆ ಬಿದ್ದ ಎಂದರು ಪೊಲೀಸರು. ಅವನ ಹೆಂಡತಿ ಎದೆ ಬಡಿದುಕೊಂಡು, ‘ಬಾವಿಗೆ ಬಿದ್ದೋನ್ ಅಂಗಾಲಿನಾಗೆ ಬಾಸುಂಡೆ ಎಂಗ್ ಬತ್ತದೆ?’ ಎಂದು ಸಿಕ್ಕ ಸಿಕ್ಕವರನ್ನು ಕೇಳಿದಳು. ಕೇಳಿದವರು ತಲೆ ತಗ್ಗಿಸಿ ನಡೆದರು.

ಮೂರ್ನಾಲ್ಕು ದಿನದ ಮೇಲೆ ‘ದಿಬ್ಬದ ದೂಳು’ ಒಂದು ವಿಡಿಯೋ ಹಾಕಿತು. ನಾನು ಅದನ್ನು ಗಾಡಿಯ ಹಿಂದೆ ನಿಂತು ನೋಡಿದೆ. ಹಗಲು ಹೊತ್ತು, ಒಂದು ಶೆಡ್ಡಿನ ಹಿಂದೆ ಆ ಮನುಷ್ಯನ ಕೈ ಕಟ್ಟಿ ಮಲಗಿಸಿದ್ದಾರೆ. ಖಾಕಿ ಪ್ಯಾಂಟಿನ ಇಬ್ಬರು ಲಾಠಿಯಿಂದ ಅವನ ಕಾಲು, ಬೆನ್ನು, ಮತ್ತೆ ಕಾಲು ಎಂದು ಬಡಿಯುತ್ತಿದ್ದಾರೆ. ಮೂರನೆಯವನು, ಅವರ ದೊಡ್ಡವನು, ಕುರ್ಚಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಾನೆ. ಮಲಗಿದವನು ಮೊದಮೊದಲು ಕಿರುಚುತ್ತಾನೆ, ಆಮೇಲೆ ‘ಅಣ್ಣಾ, ನೀರು’ ಎನ್ನುತ್ತಾನೆ, ಆಮೇಲೆ ಏನೂ ಇಲ್ಲ. ಕಡಲೆಕಾಯಿ ಸಿಪ್ಪೆ ಅವನ ಮೈಮೇಲೆ ಬೀಳುತ್ತಿರುತ್ತದೆ. ಮರದ ಹಿಂದೆ ಹೋಗಿ ವಾಂತಿ ಮಾಡಿ, ಬಾಯಿ ತೊಳೆದುಕೊಂಡು ಬಂದು ಮತ್ತೆ ಪಾನಿ ಕಲೆಸಿದೆ.

ಅದೇ ಸಂಜೆ ಖಾರ ಕಮ್ಮಿಯವನೂ ಬಂದಿದ್ದ. ಮರಕ್ಕೆ ಒರಗಿ ನಿಂತಿದ್ದ. ಪ್ಲೇಟು ಮುಟ್ಟಿರಲಿಲ್ಲ, ಕಣ್ಣು ಮಾತ್ರ ಕೆಂಪಗೆ ಸುರಿಯುತ್ತಿದ್ದವು. ‘ಖಾರ ಕಮ್ಮಿ ಆಕಿದ್ರೂ ಅಳ್ತೀಯಲ್ಲಪ್ಪ, ನಿಂಗೆ ಇನ್ನು ಸಕ್ಕರೆ ನೀರೇ ಗತಿ’ ಎಂದು ರೇಗಿಸಿದೆ. ಆತ ಅವತ್ತು ನಗಲಿಲ್ಲ.

ವಿಡಿಯೋ ಬಂದ ಮಾರನೆಯ ದಿನ ಕೆಜಿಎಫ್ ಹೊತ್ತಿಕೊಂಡಿತು. ಕಲ್ಲು ಬಿದ್ದವು, ಟೈರು ಉರಿದವು, ಪೊಲೀಸರು ಲೈನಿನ ಮನೆಗಳಿಗೆ ನುಗ್ಗಿ ಗಂಡಸರನ್ನು ಕೂದಲು ಹಿಡಿದು ಎಳೆದರು. ನಮ್ಮ ಪಕ್ಕದ ಮನೆಯ ಮುದುಕನ ಕಿವಿಯಿಂದ ರಕ್ತ ಬರುವ ಹಾಗೆ ಹೊಡೆದರು. ನೆಟ್ ಕಟ್ಟಾಯಿತು. ರೈಲಿನಿಂದ ಇಳಿದವರ ಫೋನು ಕಿತ್ತುಕೊಂಡು ವಿಡಿಯೋ ಇದೆಯಾ ಎಂದು ನೋಡಿ, ಇದ್ದವರ ಕೆನ್ನೆಗೆ ಬಾರಿಸಿ ಅಳಿಸಿದರು. ನೆಟ್ ವಾಪಸ್ಸು ಬಂದಾಗ ಪುಟವೇ ಇರಲಿಲ್ಲ. ಅದು ಇದ್ದ ಜಾಗದಲ್ಲಿ, ಕಾನೂನಿನ ಕೋರಿಕೆಯಂತೆ ಇದು ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ ಎಂದು ಒಂದು ಸಾಲು ಇತ್ತು.

ಕಂಪನಿ ಎಂದರೆ ನಮ್ಮ ಕಡೆಯವರಿಗೆ ಗಣಿ ಕಂಪನಿ. ಅದು ಚಿನ್ನ ತೆಗೆದುಕೊಂಡು ದಿಬ್ಬ ಬಿಟ್ಟು ಹೋಯಿತು. ಆ ಪುಟವಿದ್ದ ಆ್ಯಪಿನ ಈ ಹೊಸ ಕಂಪನಿ ಸಮುದ್ರದಾಚೆಯದು. ನಿಮ್ಮ ಮಾತು ನಮಗೆ ಮುಖ್ಯ ಎಂದು ದಿನಾ ಫೋನಿನಲ್ಲಿ ಹಲ್ಲು ಕಿರಿಯುತ್ತದೆ. ಸರ್ಕಾರ ಒಂದು ಸಲ ಕಣ್ಣು ಬಿಟ್ಟು ನೋಡಿದ್ದಕ್ಕೆ ಪುಟ ಮುಚ್ಚಿತು. ಅಷ್ಟಕ್ಕೇ ನಿಲ್ಲಿಸಿದ್ದರೂ ನಾನು ಸುಮ್ಮನಿರುತ್ತಿದ್ದೆ. ಬರೆದವನ ಹೆಸರು ಅವರ ಹತ್ತಿರವೂ ಇರಲಿಲ್ಲ, ಆತ ಸುಳ್ಳು ಹೆಸರು ಕೊಟ್ಟಿದ್ದ. ಆದರೆ ವಿಡಿಯೋ ಯಾವ ನೆಟ್ಟಿನಿಂದ ಬಂತು ಎಂಬ ಗುರುತು ಇತ್ತು. ಅದನ್ನು ತೆಗೆದು ಕೊಟ್ಟರು. ಆ ಗುರುತು ನೆಟ್ಟಗೆ ಬಂದು ನಿಂತದ್ದು ಬೇವಿನ ಮರದ ಕೆಳಗೆ, ನನ್ನ ತಮ್ಮನ ಫೋನಿನ ಮೇಲೆ.

ಜೀಪು ಬಂದಾಗ ತಮ್ಮ ಪೂರಿ ಒಡೆಯುತ್ತಿದ್ದ. ಮಫ್ತಿಯಲ್ಲಿದ್ದ ಒಬ್ಬ ಫೋನು ಎತ್ತಿಕೊಂಡು, ‘ಯಾರದೋ ಇದು?’ ಎಂದ.

‘ನಂದೇ ಸಾರ್’ ಎಂದ ತಮ್ಮ.

ಮಾತು ಮುಗಿಯುವ ಮೊದಲೇ ಬಿತ್ತು ಕಪಾಳಕ್ಕೆ. ಪ್ಲೇಟು ಹಾರಿತು. ಇನ್ನೊಬ್ಬ ಒಲೆಗೆ ಒದ್ದ, ಕುದಿಯುವ ಬಟಾಣಿ ನನ್ನ ಪಾದದ ಮೇಲೆ ಚೆಲ್ಲಿತು. ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ‘ನಿಮ್ ಮನೆ ಆಳಾಗ, ಏನ್ ಮಾಡವ್ನೆ ಅವ್ನು? ಯಾಕ್ ಒಡೀತೀರೋ?’ ಎಂದು ಜೀಪಿಗೆ ಅಡ್ಡ ನಿಂತೆ. ಕೊರಳಪಟ್ಟಿ ಹಿಡಿದು ತಮ್ಮನನ್ನು ಒಳಗೆ ಎಸೆದರು, ನನ್ನನ್ನು ಪಕ್ಕಕ್ಕೆ ಎಸೆದರು. ಸುತ್ತ ನಿಂತಿದ್ದ ಗಿರಾಕಿಗಳಲ್ಲಿ ಒಬ್ಬರಾದರೂ ಬಾಯಿ ಬಿಡಬೇಕಲ್ಲ. ಎಲ್ಲರೂ ಪ್ಲೇಟು ಕೆಳಗಿಟ್ಟು ರೈಲಿನ ಕಡೆ ನಡೆದರು.

ಮರುದಿನ ಬೆಳಿಗ್ಗೆ ನಾನು ಸುಟ್ಟ ಕಾಲಿಗೆ ಬಟ್ಟೆ ಸುತ್ತಿಕೊಂಡು ಠಾಣೆಗೆ ಹೋದೆ. ಯಾವ ಠಾಣೆ ಎಂದು ಕೇಳಬೇಡಿ. ಕೇಸು ಬರೆದಿಲ್ಲ, ಅರೆಸ್ಟು ತೋರಿಸಿಲ್ಲ, ಇಂಥವನು ಇಲ್ಲಿ ಇಲ್ಲವೇ ಇಲ್ಲ ಎಂದರು. ಹಾಗೆಂದ ಬಾಯಿ ಮುಚ್ಚುವ ಮೊದಲೇ ಒಳಗಿನಿಂದ ತಮ್ಮ ಕೂಗಿದ್ದು ಕೇಳಿಸಿತು. ಹುಟ್ಟಿದಾಗಿನಿಂದ ಕೇಳಿದ ದನಿ, ನನಗೆ ಗೊತ್ತಾಗುವುದಿಲ್ಲವೇ? ವರಾಂಡದಲ್ಲಿ ಕೂತೆ. ಏಳು ಎಂದರು, ಏಳಲಿಲ್ಲ. ಮಹಿಳಾ ಪೇದೆ ಬಂದು ಬೆನ್ನಿಗೆ ಗುದ್ದಿದಳು. ಗುದ್ದಿಸಿಕೊಂಡು ಕೂತೆ.

ಸ್ವಲ್ಪ ಹೊತ್ತಿಗೆ ದೊಡ್ಡವನು ಒಳಗೆ ಕರೆಸಿದ. ಆ ವಿಡಿಯೋದ ಕಡಲೆಕಾಯಿಯವನೇ. ಎದುರಿಗೆ ಕೂತು ನೋಡಿದರೆ ಯಾರದೋ ಮನೆಯ ಸೋದರಮಾವನ ಹಾಗೆ ಇದ್ದ, ಹಣೆಯಲ್ಲಿ ಕುಂಕುಮ ಬೇರೆ. ಆತ ಬೇರೆ ಜಿಲ್ಲೆಯವನು, ಮಾತು ನಮ್ಮ ಕಡೆಯದಲ್ಲ.

‘ನೋಡಮ್ಮ, ನಿನ್ನ ತಮ್ಮ ಒಳ್ಳೆ ಹುಡುಗನೇ. ವಿಡಿಯೋ ಹೋಗಿರೋದು ನಿಮ್ಮ ಗಾಡಿ ನೆಟ್ಟಲ್ಲಿ. ಅವನು ಹಾಕಿಲ್ಲ ಅಂತ ನನಗೂ ಗೊತ್ತು. ಹಾಕಿದವನನ್ನ ಅವನು ನೋಡಿದ್ದಾನೆ. ಒಂದು ಹೆಸರು ಹೇಳಿ ಕರ್ಕೊಂಡು ಹೋಗು.’

‘ದಿನಾ ನೂರ್ ಜನ ಬತ್ತಾರೆ ಸಾರ್. ಯಾರ್ ಅಂತ ಏಳ್ಲಿ?’

‘ನೂರು ಜನದಲ್ಲಿ ಒಬ್ಬ ಸಾಕು. ನಿನಗೆ ಯಾರ ಮೇಲೆ ಅನುಮಾನವೋ ಅವನದ್ದೇ ಹೇಳು. ಉಳಿದದ್ದು ನಾವು ನೋಡ್ಕೊತೀವಿ.’

ಅಯ್ಯೋ, ಆ ಕ್ಷಣದಲ್ಲಿ ನನ್ನ ಬಾಯಿ ತನಕ ಒಬ್ಬರು ಬಂದಿದ್ದರು. ಈರುಳ್ಳಿ ಬೇಡದ ಮೇಷ್ಟ್ರು. ಒಂಟಿ ಮನುಷ್ಯ, ಹೆಂಡತಿ ಮಕ್ಕಳಿಲ್ಲ, ಪೇಪರ್ ಓದಿ ಸರ್ಕಾರವನ್ನು ಬೈಯುವವರು. ಅವರೇ ಎಂದರೆ ಯಾರಾದರೂ ನಂಬುತ್ತಾರೆ. ಆದರೆ ಒಳಗಿನ ಕೋಣೆಯಿಂದ ತಮ್ಮ ನರಳುವುದು ಕೇಳುತ್ತಿತ್ತು. ಆ ಮುದಿ ಮೇಷ್ಟ್ರ ಬಾಯಿಂದ ಅದೇ ದನಿ ಬಂದಂತೆ ಕಿವಿಗೆ ಬಡಿಯಿತು. ಹೇಳಲು ಆಗಲಿಲ್ಲ. ‘ನೆಟ್ ಕೊಟ್ಟೋರ್ನ ಒಡೀತೀರಲ್ಲ, ಸಾಯ ಬಡ್ದೋರು ಕುರ್ಚಿ ಮ್ಯಾಲೆ ಕೂತವ್ರೆ’ ಎಂದುಬಿಟ್ಟೆ. ಸೋದರಮಾವನ ಮುಖ ಬದಲಾಯಿತು. ಜುಟ್ಟು ಹಿಡಿಸಿ ನನ್ನನ್ನು ಹೊರಗೆ ಹಾಕಿಸಿದ.

ಮತ್ತೆ ವರಾಂಡದಲ್ಲಿ ಬಿದ್ದಾಗ ನೋಡಿದೆ. ಗೋಡೆಯ ಪಕ್ಕ ನಾಲ್ಕೈದು ಮಂದಿ ಪೇದೆಗಳು ಸಾಲಾಗಿ ನಿಂತಿದ್ದರು. ಅವರಲ್ಲೊಬ್ಬನ ಕಾಲಲ್ಲಿ ಅದೇ ಕಂದು ಶೂ. ಮೇಲೆ ನೋಡಿದರೆ ಖಾರ ಕಮ್ಮಿಯವನು, ಖಾಕಿಯಲ್ಲಿ. ನನ್ನನ್ನು ಕಂಡು ಮುಖ ತಿರುಗಿಸಿಕೊಂಡ. ಮೈಯೆಲ್ಲ ಉರಿದು ಹೋಯಿತು. ಇವನು ಪೊಲೀಸು! ನಮ್ಮ ಪ್ಲೇಟಿನಲ್ಲಿ ತಿಂದು, ನಮ್ಮ ನೆಟ್ಟಿನಲ್ಲಿ ಆಡಿ, ಗಾಡಿಯ ಹತ್ತಿರ ಯಾರು ಬರುತ್ತಾರೆ ಎಂದು ಇಲ್ಲಿ ಬಂದು ಊದಿದವನು ಇವನೇ ಎಂದು ನನಗೆ ಖಾತ್ರಿಯಾಯಿತು.

‘ಥೂ ನಿನ್ನ! ಉಂಡ ಮನೇಗೆ ಬೆಂಕಿ ಇಕ್ಕಿದ್ಯಲ್ಲೋ’ ಎಂದು ಕೂಗಿದೆ.

ಒಳಗಿನಿಂದ ದೊಡ್ಡವನ ದನಿ ಬಂತು, ‘ಒಬ್ಬೊಬ್ಬರಾಗಿ ಬನ್ರೋ.’ ಸಾಲಿನ ಮೊದಲನೆಯವನು ಒಳಗೆ ಹೋದ. ಏಟಿನ ಸದ್ದು, ತಮ್ಮನ ಕೂಗು. ಆತ ಬೆವರು ಒರೆಸಿಕೊಂಡು ಹೊರಗೆ ಬಂದ. ‘ಮುಂದಿನವನು ಬಾ.’ ಇನ್ನೊಬ್ಬ ಹೋದ. ಕೈ ಸೋತರೆ ಆಳು ಬದಲಾಯಿಸುತ್ತಾರೆ ಎಂದುಕೊಂಡೆ. ಆಮೇಲೆ ಖಾರ ಕಮ್ಮಿಯವನ ಸರದಿ. ಆತ ಬಾಗಿಲಲ್ಲಿ ಒಂದು ಗಳಿಗೆ ನಿಂತು ಒಳಗೆ ಹೋದ. ಆಗ ತಮ್ಮ ಕೂಗಿಕೊಂಡದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಅದುವರೆಗಿನ ಕೂಗೆಲ್ಲ ಅದರ ಮುಂದೆ ಏನೂ ಅಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಆಟೋ ನಿಂತಿತು. ವರಾಂಡದಲ್ಲಿದ್ದ ಮಹಿಳಾ ಪೇದೆ ಕೂಡ ಕಿವಿ ಮುಚ್ಚಿಕೊಂಡಳು. ನಾನು ಬಾಗಿಲಿಗೆ ತಲೆ ಚಚ್ಚಿಕೊಂಡೆ. ಆತ ಹೊರಗೆ ಬಂದಾಗ ಅವನ ಕೈಯನ್ನೇ ನೋಡಿದೆ. ಈ ಕೈಯನ್ನು ಒಂದು ದಿನ ಕುದಿಯುವ ಬಟಾಣಿಯಲ್ಲಿ ಅದ್ದುತ್ತೇನೆ ಎಂದು ಅಲ್ಲೇ ಅಮ್ಮನ ಆಣೆ ಹಾಕಿದೆ.

ಅದೇ ಸಂಜೆ ಗಾಡಿಯನ್ನಾದರೂ ಎತ್ತಿ ಇಡೋಣವೆಂದು ಬಂಗಾರಪೇಟೆಗೆ ಹೋದರೆ ಅಲ್ಲಿ ಇನ್ನೊಂದು ಕಾದಿತ್ತು. ನಮ್ಮ ಗಾಡಿಯ ಫೋಟೋ, ತಮ್ಮನ ಮುಖ ಸಮೇತ, ಅದೇ ಕಂಪನಿಯ ಆ್ಯಪಿನಲ್ಲಿ ಓಡಾಡುತ್ತಿತ್ತು. ‘ದೇಶದ್ರೋಹಿಯ ಪಾನಿಪೂರಿ. ನಿಜವಾದ ಗಂಡಸರಿದ್ದರೆ ಹೋಗಿ ವಿಚಾರಿಸಿಕೊಳ್ಳಿ’ ಎಂದು ಬರೆದಿದ್ದರು. ಬರೆದವರಿಗೆ ಹೆಸರಿಲ್ಲ. ಹುಲಿ, ಸಿಂಹ, ಬಾವುಟದ ಚಿತ್ರವೇ ಅವರ ಮುಖ. ನಿಜವಾದ ಗಂಡಸರು ಬೈಕುಗಳಲ್ಲಿ ಬಂದರು, ಮುಖಕ್ಕೆ ಕರ್ಚೀಫು ಕಟ್ಟಿಕೊಂಡು. ಕಬ್ಬಿಣದ ರಾಡಿನಿಂದ ಗಾಜಿನ ಪೆಟ್ಟಿಗೆ ಒಡೆದರು. ಪೂರಿ ತುಂಬಿದ ಚೀಲಗಳನ್ನು ತುಳಿದರು. ಒಬ್ಬ ನನ್ನ ಜಡೆಯನ್ನು ಕೈಗೆ ಸುತ್ತಿಕೊಂಡು ಗಾಡಿಯ ಅಂಚಿಗೆ ಮುಖ ಜಜ್ಜಿದ. ಹಲ್ಲು ಹೋದದ್ದು ಆಗ. ನಾನೇನು ಸುಮ್ಮನಿರಲಿಲ್ಲ. ಪಾನಿಗೆ ಕಲೆಸಿಟ್ಟಿದ್ದ ಖಾರದ ನೀರಿನ ಡಬ್ಬ ಕೈಗೆ ಸಿಕ್ಕಿತು, ಅವನ ಕಣ್ಣಿಗೇ ಎರಚಿದೆ. ಬಣ್ಣವಿಲ್ಲದ ನೀರು ಎಂದುಕೊಂಡಿರಬೇಕು. ರಾಡು ಬಿಸಾಡಿ ರಸ್ತೆಯಲ್ಲಿ ಹೊರಳಾಡಿದ. ಇನ್ನೊಬ್ಬನ ತೋಳನ್ನು ಕಚ್ಚಿ ಹಿಡಿದೆ, ಬಾಯಲ್ಲಿ ಅವನ ರಕ್ತವೋ ನನ್ನದೋ ತಿಳಿಯಲಿಲ್ಲ. ಹೋಗುವಾಗ ಗಾಡಿಗೆ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದರು. ಬೇವಿನ ಮರದ ಒಂದು ಕೊಂಬೆಯೂ ಕರಕಲಾಯಿತು.

ಆ ಫೋಟೋ ತೆಗೆದುಹಾಕಿ ಎಂದು ನಾನು ನನ್ನ ಸ್ವಂತ ಫೋನಿನಲ್ಲಿ ಕಂಪನಿಗೆ ದೂರು ಒತ್ತಿದೆ. ಬಾಯಿಂದ ರಕ್ತ ಸೋರುತ್ತಿರುವಾಗ ಒತ್ತಿದೆ. ಮರುದಿನ ಉತ್ತರ ಬಂತು. ಪರಿಶೀಲಿಸಿದ್ದೇವೆ, ಇದು ನಮ್ಮ ನಿಯಮಗಳಿಗೆ ವಿರುದ್ಧವಾಗಿಲ್ಲ, ನಿಮಗೆ ಇಷ್ಟವಿಲ್ಲದಿದ್ದರೆ ಆ ಖಾತೆಯನ್ನು ನೋಡದಂತೆ ಮಾಡಿಕೊಳ್ಳಬಹುದು. ನೋಡದಂತೆ! ನಾನು ಅಳಲಿಲ್ಲ, ನಕ್ಕೆ. ಕೊಲೆ ತೋರಿಸಿದವನ ಗುರುತು ಕೊಟ್ಟವರು ಬೆಂಕಿ ಇಟ್ಟವರ ಗುರುತು ಮುಚ್ಚಿಟ್ಟುಕೊಂಡರು. ಬಾಗಿಲು ಬಡಿದು ಕೇಳೋಣವೆಂದರೆ ಆ ಕಂಪನಿಗೆ ನಮ್ಮ ಊರಲ್ಲಿ ಒಂದು ಬಾಗಿಲೂ ಇಲ್ಲ.

ಬಾಗಿಲಿರುವುದು ನನ್ನ ಲೈನಿನಲ್ಲಿ. ಬೆಳಿಗ್ಗೆ ನಲ್ಲಿಯ ಹತ್ತಿರ ಹೋಗಿ ನಿಂತು ಊದಿದ ಮುಖ ತೋರಿಸಿದೆ. ‘ನನ್ ತಮ್ಮನ್ನ ಸಾಯುಸ್ತಾವ್ರೆ. ಬತ್ತೀರಾ ಇಲ್ವಾ?’ ಎಂದೆ, ಅಷ್ಟೇ. ನೀರಿಗೆಂದು ತಂದಿದ್ದ ಖಾಲಿ ಕೊಡಗಳ ಸಮೇತ ಹೆಂಗಸರು ಹೊರಟರು. ಕಿವಿ ಹರಿದ ಮುದುಕನ ಹೆಂಡತಿ ಎಲ್ಲರಿಗಿಂತ ಮುಂದೆ ಇದ್ದಳು. ಸತ್ತವನ ಹೆಂಡತಿಯೂ ಕೋರಮಂಡಲ್‌ನಿಂದ ಬಂದು ಸೇರಿಕೊಂಡಳು. ಠಾಣೆಯ ಮುಂದೆ ಕೂತು ಕೊಡ ಬಡಿದೆವು, ಬೆಳಗಿಂದ ಹೊತ್ತು ಮುಳುಗುವ ತನಕ. ಲಾಠಿ ಬೀಸಿದರು. ಒಬ್ಬಳ ಮಣಿಕಟ್ಟು ಮುರಿಯಿತು, ಅವಳು ಇನ್ನೊಂದು ಕೈಯಲ್ಲಿ ಬಡಿದಳು. ಕೇಸಿಲ್ಲದ ಮನುಷ್ಯನನ್ನು ಒಳಗಿಟ್ಟುಕೊಂಡು, ಹೊರಗೆ ಅಷ್ಟು ಜನ, ಎಲ್ಲರ ಕೈಯಲ್ಲೂ ಫೋನು. ಇನ್ನೊಂದು ವಿಡಿಯೋ ಬೇಡವೆನಿಸಿತೋ ಏನೋ, ಸಂಜೆ ಹಿಂದಿನ ಬಾಗಿಲಿನಿಂದ ತಮ್ಮನನ್ನು ಹೊರಗೆ ನೂಕಿದರು.

ಅವನನ್ನು ಚಾಪೆಯಲ್ಲಿ ಹೊತ್ತು ತಂದೆವು. ಅಂಗಾಲು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಬಲಗೈ ಹೆಬ್ಬೆರಳು, ತೋರುಬೆರಳನ್ನು ಬೂಟಿನಲ್ಲಿ ತುಳಿದು ಪುಡಿ ಮಾಡಿದ್ದರು. ಪೂರಿ ಒಡೆಯುವ ಹೆಬ್ಬೆರಳು ಅದು. ದೊಡ್ಡಾಸ್ಪತ್ರೆಯಲ್ಲಿ ಹೇಗೋ ಜೋಡಿಸಿದರು, ಮಡಚಲು ಮಾತ್ರ ಬರುವುದಿಲ್ಲ. ‘ಯಾರ್ ಎಸ್ರೂ ಏಳ್ಲಿಲ್ವೇನ್ಲಾ?’ ಎಂದು ಕೇಳಿದೆ. ‘ಗೊತ್ತಿದ್ರಲ್ವಾ ಅಕ್ಕ ಏಳಾದು’ ಎಂದ. ನಾನೂ ನಂಬಿದೆ. ಉಪ್ಪಿನ ಶಾಖ ಕೊಡುತ್ತಾ ದಿನಾ ಖಾರ ಕಮ್ಮಿಯವನಿಗೆ ಶಾಪ ಹಾಕುತ್ತಿದ್ದೆ. ಅವನ ಕೈ ಬಿದ್ದು ಹೋಗ, ಅವನ ನಾಲಿಗೆ ಸೇದಿ ಹೋಗ ಎನ್ನುತ್ತಿದ್ದೆ. ತಮ್ಮ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ.

ಲೈನಿನವರೆಲ್ಲ ಸೇರಿ ಒಂದು ಹಳೇ ಗಾಡಿ ಹೊಂದಿಸಿಕೊಟ್ಟರು. ಬೇವಿನ ಮರದ ಕೆಳಗೆ ಮತ್ತೆ ನಿಂತೆವು. ಈಗ ಪೂರಿ ಒಡೆಯುವವಳು ನಾನು, ತಮ್ಮ ಎಡಗೈಯಲ್ಲಿ ಪಾನಿ ಕೊಡುತ್ತಾನೆ. ಹೊಸ ಫೋನು ಬಂತು. ನೆಟ್ ಮಾತ್ರ ಬಿಡಲಿಲ್ಲ, ಯಾರೂ ಕೇಳಲೂ ಇಲ್ಲ. ಹೀಗೆ ಶುರುವಾಗಿ ಸ್ವಲ್ಪ ದಿನಕ್ಕೆ, ಒಂದು ಸಂಜೆ, ಆತ ಬಂದ. ಮಾಮೂಲಿ ಅಂಗಿ, ಅದೇ ಕಂದು ಶೂ. ಗಾಡಿಯಿಂದ ಸ್ವಲ್ಪ ದೂರ ನಿಂತು ತಮ್ಮನ ಕೈಯನ್ನು ನೋಡುತ್ತಿದ್ದ.

ಕುದಿಯುತ್ತಿದ್ದ ಬಟಾಣಿಗೆ ಸೌಟು ಅದ್ದಿ ತುಂಬಿಸಿ ಎತ್ತಿದೆ. ‘ಬಾರಪ್ಪ, ಬಾ, ನಿಂಗೆ ಅಂತ್ಲೇ ಮಡಗಿವ್ನಿ’ ಎಂದೆ. ಆತ ಓಡಲಿಲ್ಲ. ಎರಡು ಹೆಜ್ಜೆ ಮುಂದೆಯೇ ಬಂದು ನಿಂತ, ಕೈ ಕೆಳಗೆ ಬಿಟ್ಟುಕೊಂಡು. ಎಸೆದೇಬಿಡುತ್ತಿದ್ದೆ. ತಮ್ಮ ತನ್ನ ಮುರುಕು ಕೈಯನ್ನೇ ಸೌಟಿಗೆ ಅಡ್ಡ ತಂದ. ನನ್ನ ಕೈ ಅಲ್ಲೇ ನಿಂತುಹೋಯಿತು.

‘ಒಂದ್ ಪ್ಲೇಟ್ ಆಕಕ್ಕ. ಖಾರ ಕಮ್ಮಿ’ ಎಂದ ತಮ್ಮ.

‘ತಲೆ ಕೆಟ್ಟೈತೇನ್ಲಾ ನಿಂಗೆ?’

‘ಆಕಕ್ಕ. ಆಮ್ಯಾಕೆ ಏಳ್ತೀನಿ.’

ನಾನು ಹಾಕಲಿಲ್ಲ. ತಮ್ಮನೇ ಎಡಗೈಯಲ್ಲಿ ಪೂರಿ ಒಡೆಯಲು ಹೋಗಿ, ಒಡೆಯಲಾಗದೆ ಪುಡಿ ಮಾಡಿ, ಅದನ್ನೇ ಪ್ಲೇಟಿಗೆ ಹಾಕಿಕೊಟ್ಟ. ಆತ ನಿಂತು ತಿಂದ. ತಿಂದು ಹೋದ.

ಮನೆಗೆ ಹೋಗುವ ರೈಲಿನಲ್ಲಿ ತಮ್ಮ ನನ್ನ ಕಿವಿಯ ಹತ್ತಿರ ಬಾಗಿ, ‘ಆ ವಿಡಿಯೋ ನಮ್ ನೆಟ್ಟಾಗೆ ಆಕಿದ್ದು ಅವ್ನೇ ಅಕ್ಕ, ನಂಗೆ ಗೊತ್ತಿತ್ತು; ಅವತ್ತು ಒಳಗ್ ಬಂದು ಲಾಠೀನ ಗ್ವಾಡೆಗೆ ಬಡ್ದ, ಕಣ್ಣಾಗೇ ಕೂಗು ಅಂದ, ಅದ್ಕೇ ಅಂಗೆ ಕೂಗ್ಕೊಂಡೆ’ ಎಂದ.